ಫಿಟ್‌ನೆಸ್ ಪದವಿಗೆ ಹಾಕಿದ ಅಸಲು ಎಷ್ಟು ವರ್ಷಕ್ಕೆ ಹುಟ್ಟುತ್ತದೆ?

ಎಕ್ಸರ್‌ಸೈಜ್ ಸೈನ್ಸ್, ಕಿನಿಸಿಯಾಲಜಿ, ಸ್ಪೋರ್ಟ್ಸ್ ಸೈನ್ಸ್, ಹೆಲ್ತ್ ಅಂಡ್ ಫಿಟ್‌ನೆಸ್. ಕಾಲೇಜಿಗೊಂದು ಹೆಸರಿದ್ದರೂ ಒಳಗಿನ ಪಾಠ ಬಹುತೇಕ ಒಂದೇ: ಅಂಗರಚನೆ, ಶರೀರಕ್ರಿಯೆ, ಬಯೋಮೆಕ್ಯಾನಿಕ್ಸ್ (ದೇಹದ ಚಲನೆಯ ಯಂತ್ರಶಾಸ್ತ್ರ), ಪೋಷಣೆ, ವ್ಯಾಯಾಮ ಪರೀಕ್ಷೆ (ವ್ಯಾಯಾಮ ಮಾಡುವಾಗ ದೇಹವನ್ನು ಅಳೆಯುವುದು), ಕೊನೆಗೊಂದು ಇಂಟರ್ನ್‌ಶಿಪ್. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಜಿಮ್‌ನಲ್ಲಿ ಪರ್ಸನಲ್ ಟ್ರೈನರ್ ಆಗುವುದಷ್ಟೇ ಗುರಿಯಾಗಿದ್ದರೆ ಈ ಪದವಿ ದುಬಾರಿ. ಪದವಿ ಇಲ್ಲದವರ ಅರ್ಜಿಯನ್ನೇ ತೆಗೆದುಕೊಳ್ಳದ ಕೆಲಸ ಬೇಕೆಂದಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇವೆರಡರ ನಡುವೆ ಇರುವವರು ಪೆನ್ನು ಹಿಡಿದು ಲೆಕ್ಕ ಹಾಕಲೇಬೇಕು.

ಹೆಚ್ಚಿನವರು ಫೀಸು ಮಾತ್ರ ನೋಡುತ್ತಾರೆ. ದೊಡ್ಡ ಖರ್ಚು ಅದಲ್ಲ, ಓದುವ ವರ್ಷಗಳಲ್ಲಿ ಕೈತಪ್ಪುವ ಸಂಪಾದನೆ. ಒಬ್ಬ ನುರಿತ ಟ್ರೈನರ್ ವರ್ಷಕ್ಕೆ ಗಳಿಸುವುದನ್ನು 100 ಎಂದು ಇಟ್ಟುಕೊಳ್ಳಿ, ಮಿಕ್ಕಿದ್ದನ್ನೆಲ್ಲ ಅದರ ಅಳತೆಯಲ್ಲೇ ನೋಡೋಣ. ಸರ್ಟಿಫಿಕೇಟ್ ದಾರಿ ಹಿಡಿದವನು ಅರ್ಧ ವರ್ಷ ಓದಿ, ಪರೀಕ್ಷೆಗೂ ಪುಸ್ತಕಕ್ಕೂ 15 ಖರ್ಚು ಮಾಡಿ, ಮೊದಲ ವರ್ಷದ ಉಳಿದರ್ಧದಲ್ಲಿ 30, ಆಮೇಲೆ 80, 90, 100 ಗಳಿಸುತ್ತಾನೆ ಅನ್ನೋಣ. ನಾಲ್ಕು ವರ್ಷಕ್ಕೆ ಕೈಯಲ್ಲಿ 285. ಪದವಿ ಓದುವವನು ವರ್ಷಕ್ಕೆ 40ರಂತೆ 160 ಫೀಸು ಕಟ್ಟುತ್ತಾನೆ. ಪುಸ್ತಕ, ಲ್ಯಾಬ್, ಇಂಟರ್ನ್‌ಶಿಪ್ ಓಡಾಟಕ್ಕೆ 20. ಬಿಡುವಿನಲ್ಲಿ ದುಡಿದು ಒಟ್ಟು 90 ತರುತ್ತಾನೆ. ಕೊನೆಗೆ ಅವನ ಲೆಕ್ಕ 90 ಮೈನಸ್. ಇಬ್ಬರ ನಡುವಿನ ಅಂತರ 375.

ಪದವಿಯಿಂದ ಸಿಕ್ಕ ಕೆಲಸ ವರ್ಷಕ್ಕೆ 130 ಕೊಟ್ಟರೆ, ಹೆಚ್ಚುವರಿ 30ರಿಂದ ಆ ಅಂತರ ತುಂಬಲು ಹನ್ನೆರಡೂವರೆ ವರ್ಷ ಬೇಕು. ಅದೇ ಪದವಿ ಹಿಡಿದು ಜಿಮ್‌ಗೆ ಹೋಗಿ 105 ಗಳಿಸಿದರೆ 75 ವರ್ಷ, ಅಂದರೆ ಆ ಅಸಲು ಹುಟ್ಟುವುದೇ ಇಲ್ಲ. ಫೀಸು ಅರ್ಧಕ್ಕಿಳಿದರೆ ಹನ್ನೆರಡೂವರೆ ವರ್ಷ ಹತ್ತಕ್ಕಿಂತ ಕಡಿಮೆಯಾಗುತ್ತದೆ. ಮೊದಲ ವರ್ಷದಲ್ಲೇ ಟ್ರೈನರ್ ಸರ್ಟಿಫಿಕೇಟ್ ಮಾಡಿಕೊಂಡು, ಉಳಿದ ಮೂರು ವರ್ಷ ಬೆಳಗ್ಗೆ-ಸಂಜೆ ಸೆಷನ್ ನಡೆಸಿ, ಸರ್ಟಿಫಿಕೇಟಿನ ಖರ್ಚು ಕಳೆದು ವರ್ಷಕ್ಕೆ 60 ಉಳಿಸಿದರೆ ಒಂಬತ್ತೂವರೆ. ಎರಡೂ ಕೂಡಿಬಂದರೆ ಏಳು ವರ್ಷದೊಳಗೆ ಅಂತರ ಮುಚ್ಚುತ್ತದೆ. ಸಾಲ ಮಾಡುವವರು ಬಡ್ಡಿಯನ್ನೂ ಸೇರಿಸಿಕೊಳ್ಳಬೇಕು. ಪ್ರತಿ ವರ್ಷದ ಆರಂಭದಲ್ಲಿ 40 ಸಾಲ ಎತ್ತಿ, ಶೇ. 10ರ ಚಕ್ರಬಡ್ಡಿ ಓದುವಾಗಲೇ ಸೇರುತ್ತಾ ಹೋದರೆ, ಪದವಿ ಮುಗಿಯುವ ಹೊತ್ತಿಗೆ 160ರ ಸಾಲ 204 ಆಗಿರುತ್ತದೆ. ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಅಂಕಿಗಳನ್ನು ತುಂಬಿ, ತೆರಿಗೆ ಕಳೆದು ನೋಡಿ.

ಜಿಮ್‌ನಲ್ಲಿ ಪದವಿಗೆ ಯಾಕೆ ಬೆಲೆ ಸಿಗುವುದಿಲ್ಲ? ಟ್ರೈನರ್‌ನ ಆದಾಯ ನಿಲ್ಲುವುದು ಮೂರರ ಮೇಲೆ: ಒಂದು ಸೆಷನ್‌ನ ದರ, ಅದರಲ್ಲಿ ಅವನ ಪಾಲು, ತುಂಬಿದ ಸೆಷನ್‌ಗಳ ಸಂಖ್ಯೆ. ದರವನ್ನೂ ಪಾಲನ್ನೂ ಸಾಮಾನ್ಯವಾಗಿ ಜಿಮ್‌ನವರೇ ಗೊತ್ತುಮಾಡಿರುತ್ತಾರೆ. ಗಿರಾಕಿಗಳು ಬರುವುದು ಕೆಲಸಕ್ಕೆ ಮುಂಚೆ ಇಲ್ಲವೇ ಕೆಲಸ ಮುಗಿದ ಮೇಲೆ. ಹೀಗಾಗಿ ಮಾರಬಹುದಾದ ಗಂಟೆಗಳೇ ಕಡಿಮೆ, ಮಧ್ಯಾಹ್ನ ಖಾಲಿ. ಪದವಿ ಈ ಮೂರನ್ನೂ ಕದಲಿಸುವುದಿಲ್ಲ. ಇದ್ದ ಗಿರಾಕಿ ಮತ್ತೆ ಪ್ಯಾಕೇಜ್ ತೆಗೆದುಕೊಳ್ಳುವಂತೆ ಮಾಡುವುದು ಮತ್ತು ಚಿಕ್ಕ ಗುಂಪುಗಳನ್ನು ಕಟ್ಟುವುದು, ಇವೆರಡು ಕದಲಿಸುತ್ತವೆ. ಒಂದೇ ಗಂಟೆಯಲ್ಲಿ ನಾಲ್ವರು ಅರ್ಧರ್ಧ ದರ ಕೊಟ್ಟರೆ ಆ ಗಂಟೆಯ ವಸೂಲಿ ದುಪ್ಪಟ್ಟು. ಬೇಸರದ ಸಂಗತಿಯೆಂದರೆ ದರ ನಿಗದಿ, ತೆರಿಗೆ, ವಿಮೆ, ಗಿರಾಕಿ ಉಳಿಸಿಕೊಳ್ಳುವ ಬಗೆ ಇವಕ್ಕೆಲ್ಲ ಪಠ್ಯಕ್ರಮದಲ್ಲಿ ಹೆಚ್ಚೆಂದರೆ ಒಂದು ಪೇಪರ್ ಇರುತ್ತದೆ. ಹೊರಬಿದ್ದವರಲ್ಲಿ ಎಷ್ಟೋ ಮಂದಿ ಸ್ವಂತಕ್ಕೆ ದುಡಿಯುವವರು ಎಂಬುದನ್ನು ನೆನೆದರೆ ಇದು ಸಣ್ಣ ಕೊರತೆಯಲ್ಲ.

ಪದವಿಯ ನಿಜವಾದ ಬೆಲೆ ಇರುವುದು ವ್ಯಾಯಾಮ ಪರೀಕ್ಷೆಯ ಲ್ಯಾಬ್‌ನಲ್ಲಿ. ಬೀಟಾ ಬ್ಲಾಕರ್ ಮಾತ್ರೆ ನುಂಗುವ ಹೃದ್ರೋಗಿಗೆ ಗರಿಷ್ಠ ಹೃದಯ ಬಡಿತ ಅಂದಾಜಿಸಲು 220ರಲ್ಲಿ ವಯಸ್ಸು ಕಳೆಯುವ ಸೂತ್ರ ಹೊಂದುವುದಿಲ್ಲ. ಮಾತ್ರೆಯೇ ಹೃದಯ ಬಡಿತವನ್ನು ಹಿಡಿದಿಟ್ಟಿರುತ್ತದೆ. ಬಡಿತ ಏರಲಿಲ್ಲವೆಂದು ವೇಗ ಹೆಚ್ಚಿಸುತ್ತಾ ಹೋದರೆ ಅಪಾಯ. ಓದಿದವರು ಅಲ್ಲಿ 6ರಿಂದ 20ರವರೆಗಿನ ಬೋರ್ಗ್ ಮಾಪನದಲ್ಲಿ ರೋಗಿಗೆಷ್ಟು ಶ್ರಮವೆನಿಸುತ್ತಿದೆ ಎಂದು ಕೇಳಿ ತೀವ್ರತೆ ಹೊಂದಿಸುತ್ತಾರೆ. ಟ್ರೆಡ್‌ಮಿಲ್ ಮೇಲೆ ಹೊರೆ ಏರಿದಂತೆ ಸಿಸ್ಟಾಲಿಕ್ (ಮೇಲಿನ ಅಂಕಿಯ) ರಕ್ತದೊತ್ತಡವೂ ಏರಬೇಕು. ಹೊರೆ ಏರುತ್ತಿದ್ದರೂ ಒತ್ತಡ 10 ಅಂಕ ಕುಸಿದರೆ ಅದು ಎಚ್ಚರಿಕೆಯ ಗಂಟೆ, ಜೊತೆಗೆ ಎದೆನೋವೋ ಇಸಿಜಿ ಬದಲಾವಣೆಯೋ ಕಂಡರೆ ತಕ್ಷಣ ನಿಲ್ಲಿಸಬೇಕು. ನಡೆಯುತ್ತಿರುವ ಮನುಷ್ಯನ ತೋಳಿನಲ್ಲಿ, ಯಂತ್ರದ ಸದ್ದಿನ ನಡುವೆ, ಆ ಅಳತೆ ಹಿಡಿಯುವುದು ವಿಡಿಯೊ ನೋಡಿ ಬರುವ ವಿದ್ಯೆಯಲ್ಲ. ಪೂರ್ತಿ ಆನ್‌ಲೈನ್ ಪದವಿಗೆ ನಾನು ಕಡಿಮೆ ಅಂಕ ಕೊಡುವುದು ಇದೇ ಕಾರಣಕ್ಕೆ.

ಈ ಕೌಶಲಕ್ಕೆ ಸಂಬಳ ಕೊಡುವವರು ಹೃದಯ ಮತ್ತು ಶ್ವಾಸಕೋಶ ಪುನಶ್ಚೇತನ ಘಟಕಗಳು, ಸಂಶೋಧನಾ ಲ್ಯಾಬ್‌ಗಳು, ಕ್ರೀಡಾ ತಂಡಗಳು. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ (ಎಸಿಎಸ್‌ಎಂ) ಸಂಸ್ಥೆಯ ಎಕ್ಸರ್‌ಸೈಜ್ ಫಿಸಿಯಾಲಜಿಸ್ಟ್ ಪರೀಕ್ಷೆಗೂ, ನ್ಯಾಷನಲ್ ಸ್ಟ್ರೆಂತ್ ಅಂಡ್ ಕಂಡಿಷನಿಂಗ್ ಅಸೋಸಿಯೇಷನ್ (ಎನ್‌ಎಸ್‌ಸಿಎ) ನಡೆಸುವ, ಕ್ರೀಡಾಪಟುಗಳ ಶಕ್ತಿ ತರಬೇತುದಾರರಿಗಾಗಿ ಇರುವ ಸಿಎಸ್‌ಸಿಎಸ್ ಪರೀಕ್ಷೆಗೂ ಪದವಿ ಬೇಕು. ಇದೇ ಎರಡು ಸಂಸ್ಥೆಗಳ ಪರ್ಸನಲ್ ಟ್ರೈನರ್ ಪರೀಕ್ಷೆಗೆ ಬೇಡ. ಮಾರುಕಟ್ಟೆ ಪದವಿಯನ್ನು ಎಲ್ಲಿ ಲೆಕ್ಕಕ್ಕೆ ಇಡುತ್ತದೆ, ಎಲ್ಲಿ ಇಡುವುದಿಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ದುಡ್ಡು ಹೆಚ್ಚು ಪೋಲಾಗುವ ಜಾಗ ಇನ್ನೊಂದಿದೆ. ಫಿಸಿಯೋಥೆರಪಿಗೆ ಇದು ಮೆಟ್ಟಿಲು ಎಂದುಕೊಂಡು ಅನೇಕರು ಸೇರುತ್ತಾರೆ. ಈ ಪದವಿಯಿಂದ ಫಿಸಿಯೋಥೆರಪಿ ಮಾಡುವ ಹಕ್ಕು ಬರುವುದಿಲ್ಲ, ಅದಕ್ಕೆ ಬೇರೆಯೇ ಕೋರ್ಸು, ಬೇರೆಯೇ ಲೈಸೆನ್ಸ್. ಪದವಿಯ ನಂತರ ಆ ಕೋರ್ಸಿಗೆ ಸೇರಿಸಿಕೊಳ್ಳುವ ಕಡೆಗಳಲ್ಲೂ ಲ್ಯಾಬ್ ಸಮೇತ ರಸಾಯನಶಾಸ್ತ್ರ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ ಕೇಳುವುದು ಸಾಮಾನ್ಯ. ಫಿಟ್‌ನೆಸ್ ಮ್ಯಾನೇಜ್‌ಮೆಂಟ್ ವಿಭಾಗ ಆರಿಸಿಕೊಂಡವರಿಗೆ ಇವು ಇರದೇ ಹೋಗಬಹುದು. ಆಗ ಮತ್ತೊಂದು ವರ್ಷದ ಫೀಸು, ಮತ್ತೊಂದು ವರ್ಷದ ಸಂಬಳ ಎರಡೂ ಹೋಗುತ್ತವೆ. ಮುಂದೆ ಸೇರಬೇಕೆಂದಿರುವ ಕೋರ್ಸಿನ ಪ್ರವೇಶ ನಿಯಮವನ್ನು ಮೊದಲ ಸೆಮಿಸ್ಟರ್‌ಗೆ ಮುಂಚೆಯೇ ತರಿಸಿಕೊಂಡು ವಿಷಯಗಳನ್ನು ಒಂದೊಂದಾಗಿ ಹೊಂದಿಸಿ ನೋಡಬೇಕು.

ಫೀಸು ಕಟ್ಟುವ ಮುನ್ನ, ನೀವು ಹೋಗಿ ದುಡಿಯಬಲ್ಲ ಜಾಗಗಳ 30 ಉದ್ಯೋಗ ಜಾಹೀರಾತು ಒಟ್ಟುಮಾಡಿ. ಪದವಿ ಕಡ್ಡಾಯ, ಇದ್ದರೆ ಒಳ್ಳೆಯದು, ಕೇಳಿಲ್ಲ ಎಂದು ಮೂರು ಕಾಲಂ ಎಳೆಯಿರಿ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಮೊದಲನೆಯ ಕಾಲಂನ ಸಂಬಳ ಮಾತ್ರ. ಅದರಲ್ಲಿ ನಾಲ್ಕೈದೇ ಕಂಡರೆ ಆ ಕೆಲಸಗಳಿಗೆ ಪೈಪೋಟಿ ಎಷ್ಟಿರಬಹುದೆಂದು ಊಹಿಸಿ.

ಕಾಲೇಜಿನವರು ಹೇಳುವ ಪ್ಲೇಸ್‌ಮೆಂಟ್ ಶೇಕಡಾವಾರನ್ನು ನೆಚ್ಚಿಕೊಳ್ಳಬೇಡಿ. ಜಿಮ್‌ನ ರಿಸೆಪ್ಷನ್‌ನಲ್ಲಿ ಕೂತವರೂ ಆ ಲೆಕ್ಕದಲ್ಲಿ ಸೇರಿರಬಹುದು. ಹಿಂದಿನ ಬ್ಯಾಚಿನವರು ಒಂದು ವರ್ಷದ ಮೇಲೆ ಯಾವ ಹುದ್ದೆಯಲ್ಲಿದ್ದಾರೆ ಎಂಬ ಪಟ್ಟಿ ಕೇಳಿ. ಲ್ಯಾಬ್‌ಗೆ ಕರೆದೊಯ್ಯಲು ಹೇಳಿ. ಉಸಿರಿನ ಆಮ್ಲಜನಕ ಅಳೆಯುವ ಯಂತ್ರ ಎಷ್ಟು ವಿದ್ಯಾರ್ಥಿಗಳಿಗೆ ಒಂದು, ಅದನ್ನು ಕೊನೆಯ ಸಲ ಕ್ಯಾಲಿಬ್ರೇಟ್ ಮಾಡಿದ್ದು ಯಾವಾಗ ಎಂದು ವಿಚಾರಿಸಿ. ಇಂಟರ್ನ್‌ಶಿಪ್ ಎಷ್ಟು ಗಂಟೆ, ಯಾರ ಕೈಕೆಳಗೆ, ಅಷ್ಟು ಗಂಟೆಯಲ್ಲಿ ರೋಗಿಯ ಎದುರು ನಿಲ್ಲುವುದು ಎಷ್ಟು ಎಂದು ಬರವಣಿಗೆಯಲ್ಲಿ ಪಡೆಯಿರಿ. ಡಂಬೆಲ್ ಜೋಡಿಸಿಡುವ, ಮ್ಯಾಟ್ ಒರೆಸುವ ಇಂಟರ್ನ್‌ಶಿಪ್ ಎಂದರೆ ನೀವು ಫೀಸು ಕಟ್ಟಿ ಪುಕ್ಕಟೆ ದುಡಿದಂತೆ.

ಸರ್ಟಿಫಿಕೇಟ್ ನವೀಕರಣವನ್ನೂ ಖರ್ಚಿನ ಪಟ್ಟಿಗೆ ಹಾಕಿಕೊಳ್ಳಿ. ಎಸಿಎಸ್‌ಎಂನದು ಮೂರು ವರ್ಷಕ್ಕೊಮ್ಮೆ, ಟ್ರೈನರ್ ಸರ್ಟಿಫಿಕೇಟ್ ಕೊಡುವ ಇನ್ನೊಂದು ಅಮೆರಿಕನ್ ಸಂಸ್ಥೆ ಎನ್‌ಎಎಸ್‌ಎಂನದು ಎರಡು ವರ್ಷಕ್ಕೊಮ್ಮೆ. ಜೊತೆಗೆ ಸಿಪಿಆರ್ (ಹೃದಯ ನಿಂತವರಿಗೆ ಎದೆಯೊತ್ತಿ ಮಾಡುವ ತುರ್ತು ಉಪಚಾರ) ತರಬೇತಿಯನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮತ್ತೆ ತೆಗೆದುಕೊಳ್ಳಬೇಕು. ಪದವಿ ಇದ್ದವರಿಗೂ ಇದರಿಂದ ವಿನಾಯಿತಿ ಇಲ್ಲ.