ಬ್ರಸೆಲ್ಸಿನ ಅಹವಾಲು ತಾಣ: ಬಳ್ಳಾರಿಯ ಜೀನ್ಸ್ ಲೆಕ್ಕದವನ ವಿಮರ್ಶೆ

ಐರೋಪ್ಯ ಒಕ್ಕೂಟದ ಕಾನೂನುಗಳ ಮಸೂದೆ ಮಂಡಿಸುವ, ಬ್ರಸೆಲ್ಸಿನಲ್ಲಿರುವ ಐರೋಪ್ಯ ಆಯೋಗವು ತಾನು ತರಲಿರುವ ಕಾನೂನುಗಳ ಬಗ್ಗೆ ಅಭಿಪ್ರಾಯ ಕೇಳಲು ನಡೆಸುವ ‘ಹ್ಯಾವ್ ಯುವರ್ ಸೇ’ ಜಾಲತಾಣವನ್ನೂ, ಅದರ ಪಕ್ಕದಲ್ಲಿಟ್ಟುಕೊಂಡೇ ಓದಬೇಕಾದ ‘ಟ್ರಾನ್ಸ್‌ಪರೆನ್ಸಿ ರಿಜಿಸ್ಟರ್’ ಎಂಬ ಲಾಬಿ (ಕಾನೂನು ಮಾಡುವವರ ಮೇಲೆ ಪ್ರಭಾವ ಬೀರುವ ಕೆಲಸ) ನೋಂದಣಿ ಪುಸ್ತಕವನ್ನೂ ಒಟ್ಟಿಗೆ ಇಲ್ಲಿ ವಿಮರ್ಶಿಸುತ್ತಿದ್ದೇನೆ. ಎರಡೂ ಉಚಿತ ಸಾರ್ವಜನಿಕ ಸೇವೆಗಳು. ಎರಡನ್ನೂ ಜಗತ್ತಿನ ಯಾವ ಮೂಲೆಯಿಂದಲಾದರೂ ತೆರೆದು ಓದಬಹುದು. ನಾನು ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಥಾನು, ಲಾಟ್ ಮತ್ತು ಜಾಬ್‌ವರ್ಕ್ ಲೆಕ್ಕವಿಡುವ ತಂತ್ರಾಂಶ ಮಾಡಿಕೊಡುವವನು. ಕೌಲ್ ಬಜಾರಿನ ಹೊಲಿಗೆ ಯಂತ್ರಗಳಿಗೂ ಬ್ರಸೆಲ್ಸಿಗೂ ಏನು ಸಂಬಂಧವೆಂಬ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುವುದು ಒಳ್ಳೆಯದು.

2024ರ ಜುಲೈ 18ರಂದು ಐರೋಪ್ಯ ಒಕ್ಕೂಟದಲ್ಲಿ ಸರಕುಗಳು ಪರಿಸರಸ್ನೇಹಿಯಾಗಿರಬೇಕೆನ್ನುವ ಇಕೋಡಿಸೈನ್ ನಿಯಮಾವಳಿ ಜಾರಿಗೆ ಬಂತು. ಅದರ ಪ್ರಕಾರ ಮುಂದೆ ಅಲ್ಲಿ ಮಾರಾಟವಾಗುವ ಅನೇಕ ಬಗೆಯ ಸರಕುಗಳಿಗೆ ಡಿಜಿಟಲ್ ಪಾಸ್‌ಪೋರ್ಟ್ ಇರಬೇಕು. ಅಂದರೆ ಪ್ಯಾಂಟಿನ ಲೇಬಲ್ ಮೇಲಿನ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅದು ಯಾವುದರಿಂದ, ಹೇಗೆ ತಯಾರಾಯಿತೆಂಬ ಮಾಹಿತಿ ತೆರೆದುಕೊಳ್ಳಬೇಕು. 2025ರ ಏಪ್ರಿಲ್‌ನಲ್ಲಿ ಆಯೋಗ ಒಪ್ಪಿದ ಕಾರ್ಯಯೋಜನೆಯಲ್ಲಿ ಉಡುಪುಗಳು ಮೊದಲ ಸಾಲಿನಲ್ಲಿವೆ, ಅವುಗಳ ವಿವರವಾದ ನಿಯಮಗಳಿಗೆ ಸೂಚಿಸಿರುವ ವರ್ಷ 2027. ಬಳ್ಳಾರಿಯ ಜೀನ್ಸ್ ಬಹುಪಾಲು ನಮ್ಮ ದೇಶದ ಮಾರುಕಟ್ಟೆಗೇ ಹೋಗುತ್ತದೆಂಬುದು ನಿಜ. ಆದರೆ ರಫ್ತಿನ ಮಾತೆತ್ತಿದ ದಿನವೇ ಖರೀದಿದಾರ ಕೇಳುವುದು ಹತ್ತಿಯ ಮೂಲವನ್ನು, ವಾಷಿಂಗ್ ಘಟಕದಲ್ಲಿ ಬಳಸಿದ ಬ್ಲೀಚ್ ಮತ್ತು ಪೊಟ್ಯಾಶಿಯಂ ಪರ್ಮ್ಯಾಂಗನೇಟಿನ ವಿವರವನ್ನು. ಕಟಿಂಗ್ ಒಬ್ಬರಲ್ಲಿ, ಹೊಲಿಗೆ ಮತ್ತೊಬ್ಬರಲ್ಲಿ, ವಾಷಿಂಗ್ ಇನ್ನೊಬ್ಬರಲ್ಲಿ ನಡೆಯುವ ನಮ್ಮ ಊರಿನ ವ್ಯವಸ್ಥೆಯಲ್ಲಿ ಈ ಮಾಹಿತಿಯನ್ನು ಯಾರು ತುಂಬಬೇಕು, ಅದರ ಖರ್ಚು ಯಾರ ತಲೆಯ ಮೇಲೆ ಎಂಬುದು ನನ್ನ ಕಸುಬಿಗೆ ನೇರವಾಗಿ ತಾಗುವ ವಿಷಯ. ಆ ಕಾರಣಕ್ಕೇ ಈ ತಾಣ ನನಗೆ ಪರಿಚಯವಾಯಿತು.

ತಾಣದ ಕೆಲಸದ ಕ್ರಮ ಸರಳವಾಗಿದೆ. ಆಯೋಗವು ಒಂದು ವಿಷಯದ ಮೇಲೆ ಕಾನೂನು ಮಾಡಬೇಕೆಂದು ಯೋಚಿಸಿದಾಗಲೇ ಸಾಕ್ಷ್ಯಕ್ಕಾಗಿ ಕರೆ ಕೊಡುತ್ತದೆ, ಅದಕ್ಕೆ ನಾಲ್ಕು ವಾರಗಳ ಅವಕಾಶವಿರುತ್ತದೆ. ಪ್ರಶ್ನಾವಳಿಯ ರೂಪದ ಸಾರ್ವಜನಿಕ ಸಮಾಲೋಚನೆ ಸಾಮಾನ್ಯವಾಗಿ ಹನ್ನೆರಡು ವಾರ ತೆರೆದಿರುತ್ತದೆ. ಮಸೂದೆ ಹೊರಬಿದ್ದ ಮೇಲೆ ಮತ್ತೆ ಎಂಟು ವಾರ. ಮುಖ್ಯ ಕಾನೂನಿನ ಕೆಳಗೆ ಬರುವ ಉಪನಿಯಮಗಳ ಕರಡಿಗೆ ನಾಲ್ಕು ವಾರ. ಬಂದ ಅಭಿಪ್ರಾಯಗಳು ಹೆಸರು, ದೇಶ, ಸಂಸ್ಥೆಯ ಗಾತ್ರ ಮತ್ತು ಬಗೆಯೊಂದಿಗೆ ಅಲ್ಲಿಯೇ ಪ್ರಕಟವಾಗುತ್ತವೆ. ಕಂಪನಿಯೋ, ಉದ್ಯಮ ಸಂಘವೋ, ಕಾರ್ಮಿಕ ಸಂಘವೋ, ಸರ್ಕಾರೇತರ ಸಂಸ್ಥೆಯೋ, ಬಿಡಿ ಪ್ರಜೆಯೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಸಂಸ್ಥೆಯಾದರೆ ಅದರ ನೋಂದಣಿ ಸಂಖ್ಯೆಯನ್ನೂ ಕೇಳಲಾಗುತ್ತದೆ, ಆ ಸಂಖ್ಯೆಯ ಜಾಡು ಹಿಡಿದು ಎರಡನೆಯ ಸೇವೆಗೆ ಹೋಗಬಹುದು.

ನನ್ನ ಅಭಿಪ್ರಾಯದಲ್ಲಿ ಈ ತಾಣದ ದೊಡ್ಡ ಬೆಲೆಯಿರುವುದು ಅಭಿಪ್ರಾಯ ಬರೆಯುವವನಿಗಿಂತ ಓದುವವನಿಗೆ. ಗೂಗಲ್, ಆಪಲ್, ಮೈಕ್ರೋಸಾಫ್ಟ್‌ನಂತಹ ಕಂಪನಿಗಳೂ, ಡಿಜಿಟಲ್‌ಯುರೋಪ್, ಸಿಸಿಐಎ ಯುರೋಪ್‌ನಂತಹ ಉದ್ಯಮ ಸಂಘಗಳೂ ದೊಡ್ಡ ಸಂಬಳದ ವಕೀಲರಿಂದ ಬರೆಸಿದ ಅಹವಾಲುಗಳು ಇಲ್ಲಿ ಪಿಡಿಎಫ್ ರೂಪದಲ್ಲಿ ಬಿದ್ದಿರುತ್ತವೆ. ಕಾನೂನು ಎಲ್ಲಿ ಕಚ್ಚುತ್ತದೆ ಎಂಬುದನ್ನು ಇವುಗಳಷ್ಟು ಸ್ಪಷ್ಟವಾಗಿ ಕಾನೂನಿನ ಪಠ್ಯವೂ ಹೇಳುವುದಿಲ್ಲ. ಯಾವ ಕಲಮಿನ ಯಾವ ಪದವನ್ನು ತೆಗೆದು ಯಾವುದನ್ನು ಸೇರಿಸಬೇಕೆಂದು ಅವರು ಪಟ್ಟಿ ಕೊಡುತ್ತಾರೆ, ಆ ಪಟ್ಟಿಯೇ ಅವರ ಭಯದ ನಕ್ಷೆ. ಪಾಸ್‌ಪೋರ್ಟ್ ವಿಷಯದಲ್ಲಿ ಕೈಗಾರಿಕಾ ಸಂಘಗಳು ಮತ್ತೆ ಮತ್ತೆ ಹೇಳುವುದು ವ್ಯಾಪಾರದ ಗುಟ್ಟು ಎಲ್ಲರಿಗೂ ತೆರೆದಿರಬಾರದು, ಅಗತ್ಯವಿದ್ದವರಿಗೆ ಮಾತ್ರ ಕಾಣಬೇಕು ಎಂದು. ಬಳಕೆದಾರರ ಮತ್ತು ಪರಿಸರದ ಪರವಾದ ಸಂಘಟನೆಗಳ ಒತ್ತು ಹೆಚ್ಚು ಮಾಹಿತಿ ಎಲ್ಲರ ಕೈಗೆ ಸಿಗಬೇಕೆಂಬುದರ ಮೇಲೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಜಗಳದ ನಿಜವಾದ ಜಾಗ ಸಿಗುತ್ತದೆ. ಒಂದೇ ಬದಿಯದನ್ನು ಓದಿದವನು ಮೋಸ ಹೋಗುತ್ತಾನೆ, ಏಕೆಂದರೆ ಎರಡೂ ಕಡೆಯವರು ಚೆನ್ನಾಗಿಯೇ ಬರೆಯುತ್ತಾರೆ.

ಇಂತಹ ವಕಾಲತ್ತಿನಿಂದ ಕಾನೂನು ಬದಲಾಗುವುದುಂಟೇ ಎಂದು ಕೇಳುವವರಿಗೆ ಸೈಬರ್ ರೆಸಿಲಿಯನ್ಸ್ ಕಾಯ್ದೆಯ ಕಥೆ ಹೇಳಬೇಕು. 2022ರ ಸೆಪ್ಟೆಂಬರ್ 15ರಂದು ಮಂಡನೆಯಾದ ಆ ಮಸೂದೆಯು ಡಿಜಿಟಲ್ ಅಂಶವಿರುವ ಸರಕುಗಳ ಸುರಕ್ಷತೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿತ್ತು. ಯಾರು ಬೇಕಾದರೂ ಬಳಸಿ ಬದಲಾಯಿಸಬಹುದಾದ ಮುಕ್ತ ತಂತ್ರಾಂಶಕ್ಕೆ (ಓಪನ್ ಸೋರ್ಸ್) ವಿನಾಯಿತಿ ಕೊಟ್ಟಿದ್ದರೂ ಅದು ವಾಣಿಜ್ಯ ಚಟುವಟಿಕೆಯ ಹೊರಗಿದ್ದರೆ ಮಾತ್ರ ಎಂದು ಬರೆದಿತ್ತು. ದೇಣಿಗೆ ಪಡೆಯುವ, ತರಬೇತಿಗೆ ಹಣ ಪಡೆಯುವ ಪ್ರತಿಷ್ಠಾನಗಳು ವಾಣಿಜ್ಯವೋ ಅಲ್ಲವೋ ಎಂಬುದು ಅದರಲ್ಲಿ ಅಸ್ಪಷ್ಟವಾಗಿತ್ತು. ಮುಕ್ತ ತಂತ್ರಾಂಶಗಳನ್ನು ಪೋಷಿಸುವ ಎಕ್ಲಿಪ್ಸ್ ಫೌಂಡೇಶನ್, ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಮೊದಲಾದವು ಬಹಿರಂಗವಾಗಿ, ಪತ್ರಗಳ ಮೂಲಕ, ತಮ್ಮ ಆತಂಕವನ್ನು ಬರೆದು ತಿಳಿಸಿದವು. 2024ರ ಡಿಸೆಂಬರ್ 10ರಂದು ಜಾರಿಗೆ ಬಂದ ಅಂತಿಮ ಕಾಯ್ದೆಯಲ್ಲಿ ಮುಕ್ತ ತಂತ್ರಾಂಶದ ಪಾಲಕರೆಂಬ ಹೊಸ ವರ್ಗವೇ ಹುಟ್ಟಿತು, ಅವರ ಹೊಣೆ ಹಗುರವಾಯಿತು, ಅವರಿಗೆ ದಂಡವನ್ನು ಅನ್ವಯಿಸಬಾರದೆಂದೂ ಬರೆಯಲಾಯಿತು. ಕಾಯ್ದೆಯ ಮುಖ್ಯ ಹೊಣೆಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ. ನನ್ನ ತಂತ್ರಾಂಶದ ಬುನಾದಿಯೂ ಪೈಥಾನ್ ಎಂಬ ಮುಕ್ತ ಪ್ರೋಗ್ರಾಮಿಂಗ್ ಭಾಷೆ ಆಗಿರುವುದರಿಂದ, ಆ ಪತ್ರಗಳಿಗೆ ಬಳ್ಳಾರಿಯ ಒಂದು ಸಣ್ಣ ಕೊಠಡಿಯೂ ಋಣಿ.

ಇದೇ ಸೌಲಭ್ಯಕ್ಕೆ ಇನ್ನೊಂದು ಮುಖವೂ ಇದೆ. ದತ್ತಾಂಶ ರಕ್ಷಣೆಯ ಜಿಡಿಪಿಆರ್ ಐರೋಪ್ಯ ಸಂಸತ್ತಿನ ಮುಂದಿದ್ದಾಗ ಸುಮಾರು 4,000 ತಿದ್ದುಪಡಿಗಳು ಸಲ್ಲಿಕೆಯಾಗಿದ್ದವು. 2013ರಲ್ಲಿ ‘ಲಾಬಿಪ್ಲಾಗ್’ ಎಂಬ ಯೋಜನೆಯವರು ಲಾಬಿ ಪತ್ರಗಳನ್ನೂ ಸದಸ್ಯರ ತಿದ್ದುಪಡಿಗಳನ್ನೂ ಹೋಲಿಸಿ ನೋಡಿ, ಕೆಲವೆಡೆ ವಾಕ್ಯಕ್ಕೆ ವಾಕ್ಯವೇ ನಕಲಾಗಿರುವುದನ್ನು ತೋರಿಸಿದರು. ಪತ್ರಗಳು ಕೈಗೆ ಸಿಕ್ಕಿದ್ದರಿಂದ ಆ ಹೋಲಿಕೆ ಸಾಧ್ಯವಾಯಿತು. ಪ್ರಕಟಣೆಯಿಂದ ಪ್ರಭಾವ ನಿಲ್ಲುವುದಿಲ್ಲ, ಆದರೆ ಅದರ ಗುರುತು ಉಳಿಯುತ್ತದೆ.

ಇನ್ನು ಎರಡನೆಯ ಸೇವೆ. 2011ರಿಂದ ಇರುವ ಟ್ರಾನ್ಸ್‌ಪರೆನ್ಸಿ ರಿಜಿಸ್ಟರಿನಲ್ಲಿ ಪ್ರತಿ ಸಂಸ್ಥೆಯ ಪುಟದಲ್ಲೂ ಅದು ಯಾವ ಕಾನೂನುಗಳ ಬೆನ್ನು ಹತ್ತಿದೆ, ಎಷ್ಟು ಜನ ಆ ಕೆಲಸಕ್ಕಿದ್ದಾರೆ, ಉದ್ಯಮದ ಪರವಾದುದಾದರೆ ಅದಕ್ಕೆ ವರ್ಷಕ್ಕೆ ಎಷ್ಟು ವೆಚ್ಚ ಮಾಡುತ್ತದೆ, ಯಾವ ಯಾವ ಸಂಘಗಳ ಸದಸ್ಯತ್ವವಿದೆ, ಆಯೋಗದ ಯಾರನ್ನು ಭೇಟಿಯಾಗಿದೆ ಎಂಬುದು ಸಿಗುತ್ತದೆ. 2021ರ ಒಪ್ಪಂದದ ನಂತರ ಆಯೋಗ ಮತ್ತು ಸಂಸತ್ತಿನ ಜೊತೆ ಸದಸ್ಯ ದೇಶಗಳ ಮಂತ್ರಿಗಳು ಕೂಡುವ ಮಂಡಳಿಯ ಸಚಿವಾಲಯವೂ ಇದಕ್ಕೆ ಸೇರಿತು. ಕಾರ್ಪೊರೇಟ್ ಯುರೋಪ್ ಅಬ್ಸರ್ವೇಟರಿ ಮತ್ತು ಲಾಬಿಕಂಟ್ರೋಲ್ ಎಂಬ ಎರಡು ಕಾವಲು ಸಂಸ್ಥೆಗಳು ಇದೇ ಪುಟಗಳನ್ನು ಕೂಡಿಸಿ ಲೆಕ್ಕ ಹಾಕಿವೆ: ತಂತ್ರಜ್ಞಾನ ಉದ್ಯಮದ ವಾರ್ಷಿಕ ಲಾಬಿ ವೆಚ್ಚ 2021ರ ವರದಿಯಲ್ಲಿ 97 ಮಿಲಿಯನ್ ಯೂರೋ, 2023ರಲ್ಲಿ 113 ಮಿಲಿಯನ್, 2025ರಲ್ಲಿ 151 ಮಿಲಿಯನ್. 2025ರ ಆ ವರದಿಯಂತೆ, ಪೂರ್ಣಾವಧಿ ಲೆಕ್ಕದಲ್ಲಿ ಈ ಉದ್ಯಮದ ಲಾಬಿದಾರರು 890 ಜನ. ಐರೋಪ್ಯ ಸಂಸತ್ತಿನ ಸದಸ್ಯರು 720. ಲಾಬಿಯ ಈ ಎಲ್ಲ ಅಂಕಿಗಳೂ ಸಂಸ್ಥೆಗಳು ತಾವೇ ಘೋಷಿಸಿಕೊಂಡವು ಎಂಬುದನ್ನು ಮರೆಯಬಾರದು. ತಪ್ಪು ಬರೆದವರಿಗೆ ನೋಂದಣಿ ರದ್ದಾಗಬಹುದು, ಪ್ರವೇಶ ಹೋಗಬಹುದು, ಹಣದ ದಂಡವಿಲ್ಲ. ನಮ್ಮ ವಾಣಿಜ್ಯ ತೆರಿಗೆ ಇಲಾಖೆಯವರು ಇಂತಹ ನಂಬಿಕೆಯನ್ನು ವ್ಯಾಪಾರಿಗಳ ಮೇಲೆ ಇಟ್ಟಿದ್ದರೆ ಬಳ್ಳಾರಿಯ ಅನೇಕರು ಸುಖವಾಗಿ ನಿದ್ದೆ ಮಾಡುತ್ತಿದ್ದರು.

ಈ ಸೇವೆಗಳ ಮಿತಿಯೂ ಇಲ್ಲಿಂದಲೇ ಶುರುವಾಗುತ್ತದೆ. ಇವು ತೋರಿಸುವುದು ತಲೆಬಾಗಿಲಿನಿಂದ ಬಂದವರನ್ನು. ಹಿತ್ತಿಲಿನಿಂದ ಬಂದವರು ಪತ್ರಿಕೆಗಳು ಬರೆದಾಗಲೇ ಕಾಣುವುದು. 2020ರಲ್ಲಿ ಅಂತರಜಾಲ ವೇದಿಕೆಗಳನ್ನು ನಿಯಂತ್ರಿಸುವ ಡಿಜಿಟಲ್ ಸರ್ವಿಸಸ್ ಕಾಯ್ದೆಯ ತಯಾರಿ ನಡೆಯುತ್ತಿದ್ದಾಗ, ಆಯೋಗದ ಆಗಿನ ಆಯುಕ್ತ ಥಿಯರಿ ಬ್ರೆಟನ್ ಅವರ ಪ್ರಸ್ತಾಪಗಳಿಗೆ ಪ್ರತಿರೋಧ ಸಂಘಟಿಸುವ ಗೂಗಲ್‌ನ ಆಂತರಿಕ ಯೋಜನೆಯೊಂದು ಸೋರಿಕೆಯಾಯಿತು, ಕಂಪನಿಯ ಮುಖ್ಯಸ್ಥ ಸುಂದರ್ ಪಿಚೈ ಅವರು ಬ್ರೆಟನ್ ಅವರಲ್ಲಿ ಕ್ಷಮೆ ಕೇಳಬೇಕಾಯಿತು. 2022ರ ಅಕ್ಟೋಬರ್‌ನಲ್ಲಿ ಸಂಸತ್ತಿನ ಮೂವರು ಸದಸ್ಯರು, ಸಣ್ಣ ಉದ್ದಿಮೆಗಳ ಪರವೆಂದು ಹೇಳಿಕೊಂಡು ದೊಡ್ಡ ಕಂಪನಿಗಳ ಹಿತ ಕಾಯುವ ಲಾಬಿಯ ಬಗ್ಗೆ ನೋಂದಣಿ ಕಚೇರಿಗೇ ದೂರು ಕೊಟ್ಟರು. ಈ ಎರಡನೆಯದು ನನಗೆ ಹೆಚ್ಚು ಕಹಿ. ಹತ್ತು ಯಂತ್ರವಿಟ್ಟುಕೊಂಡ ಮನುಷ್ಯನ ಹೆಸರು ಹೇಳಿ ಸಾವಿರಾರು ಕೋಟಿಯ ಕಂಪನಿ ರಿಯಾಯಿತಿ ಕೇಳುವುದು ನಮ್ಮ ಕಡೆಯೂ ಇಲ್ಲದ್ದೇನಲ್ಲ. ಆದ್ದರಿಂದ ‘ಸಣ್ಣ ಉದ್ದಿಮೆಗಳ ಒಕ್ಕೂಟ’ ಎಂಬ ಧಾಟಿಯ ಹೆಸರು ಕಂಡಾಗ, ಅದರ ನೋಂದಣಿ ಪುಟ ತೆರೆದು ಹಣ ಕೊಡುವವರು ಯಾರೆಂದು ನೋಡಿಯೇ ಮುಂದೆ ಓದುವುದು ನನ್ನ ಪದ್ಧತಿ.

ಹತ್ತಿರದ ಉದಾಹರಣೆ ಕೃತಕ ಬುದ್ಧಿಮತ್ತೆಯ ಕಾಯ್ದೆಯದು. ಅದು 2024ರ ಆಗಸ್ಟ್ 1ರಂದು ಜಾರಿಗೆ ಬಂತು, ಹೆಚ್ಚಿನ ಅಪಾಯದ ವ್ಯವಸ್ಥೆಗಳಿಗೆ ಸಂಬಂಧಿಸಿದ ಬಹುತೇಕ ನಿಯಮಗಳಿಗೆ 2026ರ ಆಗಸ್ಟ್ 2ರ ದಿನಾಂಕ ನಿಗದಿಯಾಗಿತ್ತು. 2025ರ ಜುಲೈನಲ್ಲಿ ಏರ್‌ಬಸ್, ಎಎಸ್‌ಎಂಎಲ್, ಮಿಸ್ಟ್ರಾಲ್ ಸೇರಿದಂತೆ 40ಕ್ಕೂ ಹೆಚ್ಚು ಐರೋಪ್ಯ ಕಂಪನಿಗಳ ಮುಖ್ಯಸ್ಥರು ಎರಡು ವರ್ಷ ತಡೆಯಿರೆಂದು ಬಹಿರಂಗ ಪತ್ರ ಬರೆದರು. ತಡೆಯುವ ಪ್ರಶ್ನೆಯೇ ಇಲ್ಲವೆಂದು ಆಯೋಗದ ವಕ್ತಾರರು ಆಗಲೇ ಹೇಳಿದರು. ನವೆಂಬರ್ 19ರಂದು ಅದೇ ಆಯೋಗ, ಹಲವು ಡಿಜಿಟಲ್ ಕಾನೂನುಗಳನ್ನು ಒಟ್ಟಿಗೆ ತಿದ್ದುವ ‘ಡಿಜಿಟಲ್ ಆಮ್ನಿಬಸ್’ ಪ್ರಸ್ತಾಪದಲ್ಲಿ ಆ ನಿಯಮಗಳ ಗಡುವನ್ನು ಮುಂದೂಡುವ ಮಾತು ತಂದಿತು. ಸಮಾಲೋಚನೆಯ ಪುಟಗಳನ್ನಷ್ಟೇ ಓದಿ ಈ ತಿರುವಿನ ಪೂರ್ತಿ ಕಾರಣ ತಿಳಿಯಲು ಸಾಧ್ಯವಿಲ್ಲ. ಗಡುವಿನೊಳಗೆ ತಾಂತ್ರಿಕ ಮಾನದಂಡಗಳೇ ಸಿದ್ಧವಾಗಿಲ್ಲವೆಂಬ ಉದ್ಯಮದ ದೂರಿನಲ್ಲಿ ಹುರುಳಿತ್ತೆಂದು ನಾನು ಒಪ್ಪುತ್ತೇನೆ. ಅಳತೆ ಕೊಡದೆ ಬಟ್ಟೆ ಹೊಲಿಸುವುದು ಯಾರಿಗೂ ಆಗದು.

ಇಷ್ಟೆಲ್ಲ ಕುಂದುಗಳ ನಡುವೆಯೂ ನಾನು ಈ ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡುವುದು ನಮ್ಮಲ್ಲಿರುವುದನ್ನು ನೋಡಿ. 2025ರ ಜನವರಿಯಲ್ಲಿ ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ನಿಯಮಗಳ ಕರಡು ಹೊರಬಂದಾಗ ಅಭಿಪ್ರಾಯಗಳನ್ನು ಕೇಂದ್ರ ಸರ್ಕಾರದ ಮೈಗವ್ ತಾಣದ ಮೂಲಕ ಕರೆಯಲಾಯಿತು, ಆದರೆ ಸಲ್ಲಿಕೆಗಳನ್ನು ಯಾರಿಗೂ ಬಹಿರಂಗಪಡಿಸುವುದಿಲ್ಲವೆಂದು ಸೂಚನೆಯಲ್ಲೇ ತಿಳಿಸಲಾಗಿತ್ತು. ನವೆಂಬರ್‌ನಲ್ಲಿ ನಿಯಮಗಳು ಅಧಿಸೂಚನೆಯಾದವು. ಯಾರ ಮಾತಿಗೆ ಯಾವ ಸಾಲು ಬದಲಾಯಿತೆಂದು ಹುಡುಕಲು ದಾರಿಯಿಲ್ಲ. ಗುಟ್ಟಾಗಿಟ್ಟರೆ ಜನ ನಿರ್ಭಯವಾಗಿ ಹೇಳುತ್ತಾರೆಂಬ ಸಮರ್ಥನೆ ಇದೆ. ಹೆಸರು ಮರೆಮಾಡಿ ಪ್ರಕಟಿಸುವ ಆಯ್ಕೆಯನ್ನು ಬಿಡಿ ವ್ಯಕ್ತಿಗಳಿಗೆ ಕೊಟ್ಟು ಬ್ರಸೆಲ್ಸಿನ ತಾಣ ಅದನ್ನು ಬಗೆಹರಿಸಿದೆ. ದೂರವೇಕೆ, ದೂರಸಂಪರ್ಕ ನಿಯಂತ್ರಿಸುವ ನಮ್ಮ ಟ್ರಾಯ್ ಸಂಸ್ಥೆಯೇ ಸಮಾಲೋಚನಾ ಪತ್ರಗಳಿಗೆ ಬಂದ ಅಭಿಪ್ರಾಯಗಳನ್ನೂ ಪ್ರತಿ ಅಭಿಪ್ರಾಯಗಳನ್ನೂ ತನ್ನ ತಾಣದಲ್ಲಿ ಪ್ರಕಟಿಸುತ್ತ ಬಂದಿದೆ.

ಕಳೆದ ಒಂದು ಅಂಕ ಬಳಕೆಯ ಅನಾನುಕೂಲಕ್ಕೆ. ಅಭಿಪ್ರಾಯದ ಪೆಟ್ಟಿಗೆಯಲ್ಲಿ 4,000 ಅಕ್ಷರ ಮಾತ್ರ ಹಿಡಿಯುತ್ತದೆ, ಹೆಚ್ಚಿನದನ್ನು ಕಡತವಾಗಿ ಲಗತ್ತಿಸಬೇಕು. ಹಾಗಾಗಿ ಉದ್ಯಮ ಸಂಘಗಳ ಸಾರವೆಲ್ಲ ಲಗತ್ತುಗಳಲ್ಲೇ ಅಡಗಿರುತ್ತದೆ, ಒಂದೊಂದನ್ನೇ ಇಳಿಸಿಕೊಂಡು ಓದುವ ತಾಳ್ಮೆ ಬೇಕು. ಒಕ್ಕೂಟದ 24 ಅಧಿಕೃತ ಭಾಷೆಗಳಲ್ಲೇ ವ್ಯವಹಾರ, ಆದ್ದರಿಂದ ನಮಗೆ ಇಂಗ್ಲಿಷ್ ಅನಿವಾರ್ಯ. ಒಂದೇ ಒಕ್ಕಣೆಯ ನೂರಾರು ಪತ್ರಗಳು ಸಾಲುಗಟ್ಟಿ ಬರುವ ಪ್ರಕರಣಗಳೂ ಇವೆ, ಅವುಗಳ ನಡುವೆ ಸ್ವಂತ ಅನುಭವ ಬರೆದ ಒಂದು ಪುಟ ಕಳೆದುಹೋಗುತ್ತದೆ.

ಬಳ್ಳಾರಿಯ ಘಟಕಗಳ ಮಾಲೀಕರಿಗೆ ನನ್ನ ಸಲಹೆ ಹೀಗಿದೆ. ಈ ತಾಣದಲ್ಲಿ ಬರೆಯಲು ಬೇಕಾದ ‘ಇಯು ಲಾಗಿನ್’ ಖಾತೆ ತೆರೆಯಲು ಹಣ ಬೇಕಿಲ್ಲ. ಇಷ್ಟದ ವಿಷಯ ಆಯ್ದುಕೊಂಡರೆ ಹೊಸ ಕರಡು ಬಂದಾಗ ಮಿಂಚಂಚೆ ಬರುತ್ತದೆ. ಉಡುಪಿನ ಪಾಸ್‌ಪೋರ್ಟ್ ನಿಯಮಗಳ ಕರಡು ಪ್ರಕಟವಾದಾಗ ಸಿಗುವುದು ನಾಲ್ಕೇ ವಾರ, ಹಬ್ಬದ ಸೀಸನ್ನಿನಲ್ಲಿ ಬಂದರೆ ಯಾರಿಗೂ ಪುರುಸೊತ್ತಿರುವುದಿಲ್ಲ. ಜಾಬ್‌ವರ್ಕ್ ಸರಪಳಿಯಲ್ಲಿ ಒಂದು ಪ್ಯಾಂಟ್ ಎಷ್ಟು ಕೈ ದಾಟುತ್ತದೆ, ಪ್ರತಿ ಕೈಯಲ್ಲಿ ಯಾವ ದಾಖಲೆ ಹುಟ್ಟುತ್ತದೆ, ಯಾವುದು ಹುಟ್ಟುವುದೇ ಇಲ್ಲ ಎಂಬುದನ್ನು ಈಗಲೇ ಲೆಕ್ಕದೊಂದಿಗೆ ಎರಡು ಪುಟಕ್ಕೆ ಬರೆದಿಟ್ಟುಕೊಂಡರೆ, ಆ ಹೊತ್ತಿಗೆ ಇಂಗ್ಲಿಷಿಗೆ ಇಳಿಸಿ ಘಟಕದ ಗಾತ್ರ ಕೇಳುವ ಕಡೆ ಹತ್ತಕ್ಕಿಂತ ಕಡಿಮೆ ಕೆಲಸಗಾರರೆಂದು ಗುರುತು ಹಾಕಿ ಕಳಿಸಬಹುದು. ಲೆಕ್ಕದ ಭಾಗವನ್ನು ನಾನು ಮಾಡಿಕೊಡುತ್ತೇನೆ, ವಾಷಿಂಗ್ ಘಟಕದವರು ರಾಸಾಯನಿಕದ ಖರೀದಿ ಬಿಲ್ಲುಗಳನ್ನು ಇಟ್ಟುಕೊಂಡಿದ್ದರೆ.