ತಾಮ್ರ ಹೊದಿಸಿದ ಮೇಜಿನ ಹರಿತ ಅಂಚು: ಅರವೋ, ಮಡಿಕೆಯೋ, ರಬ್ಬರ್ ಪಟ್ಟಿಯೋ?

ರಾಯಚೂರಿನ ನಿಮ್ಮ ಮನೆಯಲ್ಲಿರುವ, ತಾಮ್ರದ ತಗಡು ಹೊದಿಸಿದ ಮೇಜಿನ ಅಂಚು ಮಕ್ಕಳ ಕೈ ಕೊಯ್ಯದಂತೆ ಮಾಡಲು ಯಾವ ದಾರಿ ಹಿಡಿಯಬೇಕೆಂದು ಕೇಳಿದ್ದೀರಿ. ದಾರಿಗಳು ಮೂರು: ಅರದಿಂದ ಉಜ್ಜಿ ನಯಗೊಳಿಸುವುದು, ಅಂಚನ್ನು ಮಡಚುವುದು, ರಬ್ಬರ್ ಪಟ್ಟಿ ಅಂಟಿಸುವುದು.

ಖರ್ಚನ್ನಷ್ಟೇ ನೋಡಿದರೆ ಮೂರೂ ಅಗ್ಗವೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಣ್ಣ ಹಲ್ಲಿನ ಅರ, 240 ಮತ್ತು 400 ನಂಬರಿನ ಎಮರಿ ಪೇಪರ್ ಕೊಂಡರೆ ಮೊದಲ ದಾರಿಗೆ ಸಾಕು. ಮಡಚಲು ಮರದ ಕೊಡತಿಯೊಂದು ಬೇಕು.

ಬಾಳಿಕೆಯ ಮಾತು ಬಂದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಅಂಚನ್ನು ಕೆಳಕ್ಕೆ ಮಡಚಿ ಮರಕ್ಕೆ ಒತ್ತಿ ಕೂರಿಸಿದರೆ ಹರಿತವಾದ ಕೊನೆಯೇ ಮರೆಯಾಗುತ್ತದೆ. ಆದರೆ ಅದಕ್ಕೆ ತಗಡು ಮರದಿಂದ ಸ್ವಲ್ಪ ಹೊರಚಾಚಿರಬೇಕು, ಮತ್ತು ತಾಮ್ರವು ಬಡಿದಷ್ಟೂ ಗಡುಸಾಗಿ ಕೊನೆಗೆ ಸೀಳುವುದರಿಂದ, ಒಂದೇ ಜಾಗಕ್ಕೆ ಬಡಿಯದೆ ಉದ್ದಕ್ಕೂ ಹಗುರವಾಗಿ ತಟ್ಟುತ್ತಾ ಸಾಗಬೇಕು. ಕಾಯಿಸಿದರೆ ತಗಡು ಮೆತ್ತಗಾಗುವುದು ನಿಜ, ಆದರೆ ಅಡಿಯಲ್ಲಿ ಮರವಿರುವಾಗ ಬೆಂಕಿಯ ಯೋಚನೆಯೇ ಬೇಡ. ಅಂಟಿಸುವ ರಬ್ಬರ್ ಪಟ್ಟಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅಂಟು ಸಡಿಲಾಗಬಹುದು.

ಸುಲಭವಾದದ್ದು ಪಟ್ಟಿಯೇ. ಅರ ಹಾಕುವುದೂ ಕಷ್ಟವಲ್ಲ: ಅಂಚಿನ ಗುಂಟ ಒಂದೇ ದಿಕ್ಕಿನಲ್ಲಿ ಉಜ್ಜಿ, ತಗಡಿನಂಚಿನ ಮುಳ್ಳಿನಂಥ ಚೂಪು ಮೊನೆಗಳು ಹೋದ ಮೇಲೆ ಎಮರಿ ಪೇಪರ್ ಆಡಿಸಬೇಕು, ಕೈಗವಸು, ಮೂಗಿಗೆ ಬಟ್ಟೆ ಇರಲಿ. ಉಜ್ಜಿದಲ್ಲಿ ಹಳೆಯ ಕಂದು ಬಣ್ಣ ಹೋಗಿ ಹೊಳೆಯುವ ಗೆರೆ ಉಳಿಯುತ್ತದೆ, ಅದು ತಿಂಗಳುಗಳಲ್ಲಿ ತಾನೇ ಮಾಸುತ್ತದೆ.

ತಗಡು ಮರದ ಅಂಚಿಗೆ ಸರಿಯಾಗಿ ನಿಂತಿದ್ದರೆ ಅರ, ಹೊರಚಾಚಿದ್ದರೆ ಮಡಿಕೆ, ಬಾಡಿಗೆ ಮನೆಯ ಮೇಜಾದರೆ ಪಟ್ಟಿ ಹೊಂದುತ್ತದೆ.