ಕರಾವಳಿಯ ಸಿನಿಮಾ: ಯಾವುದನ್ನು ಮೊದಲು ನೋಡೋದು?

ಬೆಂಗಳೂರಿನ ಸ್ನೇಹಿತರು ಉಡುಪಿಗೆ ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ಕಾಂತಾರ ನೋಡಿ ಆಯ್ತು, ನಿಮ್ಮ ಕಡೆಯದ್ದು ಬೇರೆ ಎಂತ ಉಂಟು? ನಾನು ಮೂರು ಹೆಸರು ಹೇಳುತ್ತೇನೆ. ಉಳಿದವರು ಕಂಡಂತೆ, ಗರುಡ ಗಮನ ವೃಷಭ ವಾಹನ, ಗುಲಾಬಿ ಟಾಕೀಸ್. ಮೂರನ್ನೂ ಬೇರೆ ಬೇರೆ ಜನರ ಜೊತೆ ಕೂತು ನೋಡಿದ್ದೇನೆ. ಯಾರು ಯಾವಾಗ ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ ಅಂತಲೂ ಗಮನಿಸಿದ್ದೇನೆ.

ಗರುಡ ಗಮನ (2021) ಹಾಕಿದರೆ ಮೊಬೈಲ್ ಯಾರಿಗೂ ನೆನಪಾಗುವುದಿಲ್ಲ. ರಾಜ್ ಬಿ. ಶೆಟ್ಟಿ ಅವರ ಈ ಕತೆ ನಡೆಯುವುದು ಮಂಗಳೂರಿನ ಮಂಗಳಾದೇವಿಯ ಸುತ್ತಮುತ್ತ. ಹರಿ, ಶಿವ ಇಬ್ಬರು ಗೆಳೆಯರು, ಅವರ ನಡುವೆ ಸಿಕ್ಕಿಹಾಕಿಕೊಂಡ ಪೊಲೀಸ್ ಬ್ರಹ್ಮಯ್ಯ. ಇಷ್ಟೇ. ಆದರೆ ಶಿವ ಹುಲಿ ಕುಣಿತದ ಹೆಜ್ಜೆ ಹಾಕುವ ದೃಶ್ಯ ಉಂಟಲ್ಲ, ಅಲ್ಲಿ ಮೈಗೆ ಬಣ್ಣ ಇಲ್ಲ, ಹಬ್ಬ ಇಲ್ಲ, ಹಿಂದೆ ಕೇಳುವ ಸೋಜುಗಾದ ಸೂಜುಮಲ್ಲಿಗೆಯೋ ನಮ್ಮ ಕಡೆಯ ಹಾಡೇ ಅಲ್ಲ, ಮಾದಪ್ಪನದ್ದು. ಆದರೂ ಅದು ಹುಲಿಯೇ. ನೋಡುವಾಗ ಹೆದರಿಕೆ ಆಗುತ್ತದೆ.

ಉಳಿದವರು ಕಂಡಂತೆಯಲ್ಲೂ (2014) ಹುಲಿ ಉಂಟು, ಅದು ಕೃಷ್ಣಾಷ್ಟಮಿಯ ಹುಲಿವೇಷ. ಬಣ್ಣ ಬಳಿದುಕೊಂಡು ಕುಣಿಯುವ ಅಚ್ಯುತ್ ಕುಮಾರ್ ಅವರನ್ನು ನೋಡಿದರೆ ನಮ್ಮವರ ಕಾಲು ತನ್ನಿಂತಾನೇ ತಾಳ ಹಾಕುತ್ತದೆ. ಮಲ್ಪೆಯನ್ನು ಇಷ್ಟು ಪ್ರೀತಿಯಿಂದ ತೋರಿಸಿದ ಇನ್ನೊಂದು ಸಿನಿಮಾ ನನಗೆ ಗೊತ್ತಿಲ್ಲ. ತೊಂದರೆ ಏನಂದ್ರೆ, ಒಂದೇ ಘಟನೆಯನ್ನು ಒಬ್ಬೊಬ್ಬರ ಕಣ್ಣಲ್ಲಿ ಅಧ್ಯಾಯ ಅಧ್ಯಾಯವಾಗಿ ಹೇಳುವುದರಿಂದ ಹೊರಗಿನವರು ಅರ್ಧ ಗಂಟೆಗೆ 'ಇವ ಯಾರು ಮಾರಾಯ?' ಅಂತ ಶುರು ಮಾಡುತ್ತಾರೆ. ಥಿಯೇಟರಿನಲ್ಲಿ ಹೆಚ್ಚು ಓಡದೆ ಆಮೇಲೆ ಅಭಿಮಾನಿಗಳನ್ನು ಗಳಿಸಿದ್ದೂ ಇದಕ್ಕೇ ಇರಬೇಕು. ರಕ್ಷಿತ್ ಶೆಟ್ಟಿ ಅವರ ರಿಚ್ಚಿಯ ಠೀವಿ ನನಗೆ ಸ್ವಲ್ಪ ಜಾಸ್ತಿ ಅನಿಸುತ್ತದೆ, ಕಿಶೋರ್ ಅವರ ಮುನ್ನನ ಮಾತಿಲ್ಲದ ಪ್ರೀತಿ ಮಾತ್ರ ಮನಸ್ಸಲ್ಲಿ ಉಳಿಯುತ್ತದೆ.

ಈ ಎರಡರಲ್ಲೂ ಹೆಂಗಸರು ಎಲ್ಲಿ? ಉಳಿದವರು ಕಂಡಂತೆಯಲ್ಲಿ ತಾರಾ ಅವರ ರತ್ನಕ್ಕನನ್ನು ಬಿಟ್ಟರೆ ಗಟ್ಟಿಯಾಗಿ ನೆನಪಾಗುವವರು ಕಡಿಮೆ. ಗರುಡ ಗಮನದಲ್ಲಂತೂ ಹುಡುಕಬೇಕು.

ಅದಕ್ಕೇ ನನ್ನ ಓಟು ಗುಲಾಬಿ ಟಾಕೀಸ್‌ಗೆ (2008). ವೈದೇಹಿಯವರ ಕತೆ, ಗಿರೀಶ್ ಕಾಸರವಳ್ಳಿ ನಿರ್ದೇಶನ. ಗುಲಾಬಿ ಸೂಲಗಿತ್ತಿ, ಗಂಡ ಬಿಟ್ಟುಹೋದವಳು, ಸಿನಿಮಾ ಅಂದರೆ ಜೀವ. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಟಿವಿ ಸಿಗುತ್ತದೆ, ಮನೆಯ ಮೇಲೆ ಡಿಶ್ ಬರುತ್ತದೆ, ಊರಿನ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಹೇಗೆ ಬರುತ್ತಾರೆ ನೋಡಿ: ಕೆಲವರು ಒಳಗೇ ಬಂದು ಕೂರುತ್ತಾರೆ, ಕೆಲವರು ಮುಸ್ಲಿಮರ ಮನೆ ಅಂತ ಹೊರಗೆ ನಿಂತೇ ನೋಡುತ್ತಾರೆ. ಧಾರಾವಾಹಿ ಬೇಕು, ಹೊಸ್ತಿಲು ದಾಟಲಿಕ್ಕಾಗದು. ಯಾರೂ ಭಾಷಣ ಮಾಡುವುದಿಲ್ಲ, ಆ ಹೊಸ್ತಿಲೇ ಎಲ್ಲ ಹೇಳುತ್ತದೆ. ಹೊರಗೆ ಕಾರ್ಗಿಲ್ ಯುದ್ಧದ ಕಾಲ, ದೊಡ್ಡ ಬೋಟುಗಳು ಬಂದು ಸಣ್ಣ ಮೀನುಗಾರರ ಹೊಟ್ಟೆಗೆ ಹೊಡೆಯುತ್ತಿರುವ ಕಾಲ, ಆ ಸಿಟ್ಟಿಗೆ ಧರ್ಮದ ಬಣ್ಣ ಬಳಿಯಲು ಎಷ್ಟು ಹೊತ್ತು ಬೇಕು? ಕೊನೆಗೆ ಎಲ್ಲ ಬಂದು ಬೀಳುವುದು ಗುಲಾಬಿಯ ಮೇಲೆ. ಈ ಪಾತ್ರಕ್ಕೆ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅವರನ್ನು ಬರೀ ಕಾಮಿಡಿಯಲ್ಲಿ ನೋಡಿದವರು ಇದನ್ನು ನೋಡಲೇಬೇಕು.

ನಿಧಾನ ಉಂಟು, ಒಪ್ಪುತ್ತೇನೆ. ಮೊಬೈಲ್ ಜಾಸ್ತಿ ಹೊರಬರುವುದೂ ಇದಕ್ಕೇ. ಆದರೆ ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಜನ ಮಾತಾಡುವುದೂ ಇದರ ಬಗ್ಗೆಯೇ.

ಇನ್ನೂ ಹಳೆಯದು ಬೇಕಾದರೆ ಬಿ.ವಿ. ಕಾರಂತರ ಚೋಮನ ದುಡಿ (1975), ವಾಸುದೇವ ರಾವ್ ಅವರ ಚೋಮನಿಗಾಗಿ. ಅದನ್ನು ಈ ಪೈಪೋಟಿಗೆ ಸೇರಿಸುವುದಿಲ್ಲ, ಅದರ ತೂಕವೇ ಬೇರೆ.

ಒಂದೇ ಸಂಜೆ ಇದ್ದರೆ ಗರುಡ ಗಮನ ಹಾಕಿ. ನಾಳೆ ಮಲ್ಪೆಗೆ ಹೋಗುವವರಾದರೆ ಉಳಿದವರು ಕಂಡಂತೆ. ನಾಲ್ಕು ದಿನ ಇರುವವರಿಗೆ ಗುಲಾಬಿ ಟಾಕೀಸ್, ಅದೂ ಮೊದಲ ದಿನವೇ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮಾತ್ರ ಗರುಡ ಗಮನ ಬೇಡ, ರಕ್ತ ಜಾಸ್ತಿ.